ದೊಡ್ಡಪ್ಪನ ಬೈರಾಸು ಮತ್ತು ಮಿಗ್-21

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ, ಮಳೆ ಸುರಿಯುವ ಆಟಿ ತಿಂಗಳಿನಲ್ಲಿ ಯಾವ ವಸ್ತುವನ್ನೂ ಹಳತು ಮಾಡಲು ಕಷ್ಟಪಡಬೇಕಾಗಿಲ್ಲ. ಚಪ್ಪಲಿಗೆ ಬೂಸ್ಟು, ಗೇಟಿಗೆ ತುಕ್ಕು, ಮುರಕಲ್ಲಿನ ಗೋಡೆಗೆ ಪಾಚಿ ತಾವಾಗಿಯೇ ಬರುತ್ತವೆ. ಅಂಥ ಊರಿನಲ್ಲಿ ಕುಳಿತು, ಗೇಣುದ್ದದ ಪ್ಲಾಸ್ಟಿಕ್ ವಿಮಾನವನ್ನು ಕೈಯಿಂದ ದುಡ್ಡು ಹಾಕಿ ಹಳತು ಮಾಡುವವನು ನಾನೊಬ್ಬನೇ ಇರಬೇಕು.

ವಿಮಾನ ಮಿಗ್-21, ಅಸಲಿನ 72ರಲ್ಲಿ ಒಂದು ಪಾಲು. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿ 2025ರ ಸೆಪ್ಟೆಂಬರಿನಲ್ಲಿ ನಿವೃತ್ತಿಯಾದದ್ದು. ಆ 62 ವರ್ಷಗಳ ಕೊಳೆಯನ್ನು ನಾನು ಒಂದು ವಾರದಲ್ಲಿ ಕೂರಿಸಬೇಕು. ಬೂದುಬಣ್ಣದ ಮೇಲೆ ಹೊಳಪಿನ ವಾರ್ನಿಷ್, ನೀರಿನಲ್ಲಿ ನೆನೆಸಿ ಜಾರಿಸಿದ ತ್ರಿವರ್ಣದ ವೃತ್ತಗಳು. ಆಮೇಲೆ ತೆಳುವಾಗಿ ಕಲಸಿದ ಕಪ್ಪು ತೈಲವರ್ಣವನ್ನು ತಗಡಿನ ಸಂದುಗಳಿಗೆ ಇಳಿಸುವುದು. ಅದು ಮೂರನೆಯ ದಿನವೂ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ದೊಡ್ಡಪ್ಪ ಬಂದದ್ದು ಆಗ.

ದೊಡ್ಡಪ್ಪನ ಹೆಗಲಿನಲ್ಲಿ ಸದಾ ಒಂದು ಬೈರಾಸು. ಕುಳಿತುಕೊಳ್ಳುವ ಮೊದಲು ಕುರ್ಚಿ ಒರೆಸುತ್ತಾರೆ, ತೊಳೆದ ಲೋಟ ಒರೆಸುತ್ತಾರೆ, ಬಸ್ಸಿನಲ್ಲಿ ಪಕ್ಕದವನ ಕಿಟಕಿಯ ಸರಳನ್ನೂ ಬಿಡುವುದಿಲ್ಲ. ಒಂದು ಮದುವೆಯಲ್ಲಿ ಮದುಮಗನ ಹಣೆಯ ಬೆವರು ಒರೆಸಲು ಹೋಗಿ ಬಾಸಿಂಗವನ್ನೇ ಜಾರಿಸಿದ್ದರು. ನಾನು ಕಾಫಿ ತರುವಷ್ಟರಲ್ಲಿ ಮಿಗ್ ಅವರ ಮಡಿಲಿನಲ್ಲಿತ್ತು. ಒರೆಸುವುದಾದರೂ ಗಾಳಿ ಹಾಯುವ ದಿಕ್ಕಿನಲ್ಲಿ, ಮೂಗಿನಿಂದ ಬಾಲಕ್ಕೆ ಒರೆಸಬಾರದೇ? ಅಡ್ಡಡ್ಡ ಒರೆಸಿದ್ದರು, ಬೆಲ್ಲದ ಡಬ್ಬಿ ಒರೆಸಿದ ಹಾಗೆ! ಬಾಲದ ಮಸಿ ಮಾಯ. ಮೂಗಿನ ಮುಂದೆ ಚಾಚಿದ್ದ, ವೇಗ ಅಳೆಯುವ ಸೂಜಿಯಂಥ ಪಿಟಾಟ್ ನಳಿಗೆ ಬೈರಾಸಿನ ನೂಲಿಗೆ ಸಿಕ್ಕಿ ನೇತಾಡುತ್ತಿತ್ತು.

"ಎಂಥ ಕೊಳೆ ಮಾರಾಯ! ಅಂಗಡಿಯವನು ಹಳೆಯ ಮಾಲು ಕೊಟ್ಟು ನಿನಗೆ ಟೋಪಿ ಹಾಕಿದ್ದಾನೆ."

ಕೊಳೆ ಹಚ್ಚಿದ್ದು ನಾನೇ ಎಂದೆ, ಹಲ್ಲು ಕಚ್ಚಿ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಮೆಲ್ಲನೆ ಕೇಳುತ್ತಿದ್ದರು: "ಇವನಿಗೆ ರಾತ್ರಿ ನಿದ್ರೆ ಸರಿಯಾಗಿ ಬರುತ್ತದೆಯೇ?"

ನಾನು ಕಲಿತ ಶಾಲೆಯ ಕನ್ನಡ ಫಲಕ ಮಾಸಲು ಯಾರೂ ಕುಂಚ ಹಿಡಿಯಲಿಲ್ಲ, ಮಳೆಯೇ ಸಾಕಾಯಿತು. ಅದನ್ನೂ ಒಮ್ಮೆ ದೊಡ್ಡಪ್ಪ ಸ್ಟೂಲು ಹತ್ತಿ ಒರೆಸಿದ್ದರು, ಅಕ್ಷರ ಕಂಡೀತೇನೋ ಎಂದು.

ರಾತ್ರಿ ದೀಪಕ್ಕೆ ಹಿಡಿದು ನೋಡಿದರೆ ಎಡರೆಕ್ಕೆಯ ಮೇಲೊಂದು ತಿಳಿನೀಲಿ ಗೆರೆ. ಮೈಲುತುತ್ತ, ಸುಣ್ಣ: ಬೈರಾಸಿನಲ್ಲಿದ್ದ ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗದ ಮದ್ದು ನನ್ನ ಕೊಳೆಗೂ ತಾಗಿತ್ತು. ಇಷ್ಟು ಸಹಜವಾದ ಕಲೆ ನನ್ನ ಕುಂಚದಿಂದ ಎಂದೂ ಬಂದದ್ದಿಲ್ಲ. ಹೊಳಪು ತಗ್ಗಿಸುವ ವಾರ್ನಿಷನ್ನು ಅದರ ಮೇಲೆಯೇ ಎಳೆದುಬಿಟ್ಟೆ.

ಪಿಟಾಟ್ ನಳಿಗೆ ಮಾತ್ರ ಬೈರಾಸಿನ ಜೊತೆಗೇ ಹೋಗಿದೆ.