‘ಕೈವಶ ಮಾಡಿಕೊಂಡಿದ್ದೇನೆ’ ಅಂತ ಬರೆಯಬೇಡಿ ಮಾರಾಯ್ರೆ

‘ಸದ್ರಿ 22 ಸೆಂಟ್ಸ್ ಜಾಗವನ್ನು ನಾನು ಕೈವಶ ಮಾಡಿಕೊಂಡಿದ್ದೇನೆ.’ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ ಕಡೆ ವಿಲೇಜ್ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಕೊಡುವಾಗ ಹೀಗೆ ಬರೆಯುವವರಿದ್ದಾರೆ. ಅವರ ಮನಸ್ಸಿನಲ್ಲಿರುವುದು ಮಲಯಾಳದ ‘ಕೈವಶಂ’. ಅಲ್ಲಿ ಅದು ಸಾಧು ಪದ, ಜಾಗ ನಿಮ್ಮ ಅನುಭೋಗದಲ್ಲಿ ಉಂಟು ಎಂದಷ್ಟೇ ಅರ್ಥ. ಸಾಲಕ್ಕೆ ಬ್ಯಾಂಕಿನವರು ಕೇಳುವ ಕೈವಶ ಸರ್ಟಿಫಿಕೇಟೂ ಅದೇ. ಮೇಲಿನ ಸಾಲನ್ನು ಕನ್ನಡವಾಗಿ ಓದಿದರೆ ಮಾತ್ರ ಯಾರದೋ ಜಾಗಕ್ಕೆ ನುಗ್ಗಿ ಕೂತವನ ತಪ್ಪೊಪ್ಪಿಗೆ!

ತಪ್ಪು ‘ವಶ’ದ್ದಲ್ಲ. ಸಂಸ್ಕೃತದಲ್ಲಿ ಅದಕ್ಕೆ ಇಚ್ಛೆ, ಹಿಡಿತ ಎಂಬ ಅರ್ಥ. ಪರವಶ, ವಿವಶ, ಕಾಲವಶ ಎಲ್ಲ ಅದರ ಸಂತಾನ, ಒಂದರಲ್ಲೂ ದರೋಡೆಯಿಲ್ಲ. ಕಿತ್ತುಕೊಳ್ಳುವ ಕೆಲಸ ಮಾಡುವುದು ಅದರ ನಂತರ ಬರುವ ಕ್ರಿಯಾಪದ. ವಶದಲ್ಲಿದೆ ಎಂದರೆ ಇದೆ, ವಶಕ್ಕೆ ಬಂತು ಎಂದರೆ ಬಂತು, ವಶಕ್ಕೆ ಕೊಟ್ಟರು ಎಂದರೆ ಯಾರೋ ಕೊಟ್ಟರು. ‘ಮಾಡಿಕೊಂಡೆ’, ‘ಪಡಿಸಿಕೊಂಡೆ’ ಎಂದಿರೋ, ಎದುರಿಗೊಬ್ಬ ಕಳೆದುಕೊಂಡವನು ತಾನಾಗಿ ಬಂದು ನಿಲ್ಲುತ್ತಾನೆ.

ಮಲಯಾಳದ ‘ಕೈಯೇಟ್ಟಂ’ ಇನ್ನೂ ಮೋಸದ ಪದ. ಜಾಗದ ವಿಷಯದಲ್ಲಿ ಅದು ಒತ್ತುವರಿ, ಮನುಷ್ಯನ ವಿಷಯದಲ್ಲಿ ಹಲ್ಲೆ. ಹಾಗಾಗಿ ನೆರೆಮನೆಯವರ ಮೇಲೆ ಕನ್ನಡದಲ್ಲಿ ದೂರು ಬರೆಯುವಾಗ ‘ಕೈಯೇರಿದರು’ ಎಂಬ ಅರೆಬೆಂದ ಅನುವಾದ ಬೇಡ. ಹೊಡೆದರೋ, ಬೇಲಿ ಸರಿಸಿದರೋ ಗೊತ್ತಾಗುವುದಿಲ್ಲ. ನಮ್ಮ ‘ಒತ್ತುವರಿ’ಯೇ ಚೆಂದ. ‘ಒತ್ತು’ ಅದರೊಳಗೇ ಇದೆ: ಮಳೆಗಾಲದಲ್ಲಿ ಕುಸಿದ ಮಣ್ಣಿನ ಗೋಡೆಯನ್ನು ಮತ್ತೆ ಕಟ್ಟುವಾಗ ಮುರಕಲ್ಲಿನ ಸಾಲು ಒಂದು ಗೇಣು ಆಚೆ ಹೋಗುವುದು, ಮುಂದಿನ ವರ್ಷ ಅಲ್ಲೊಂದು ಅಡಿಕೆ ಸಸಿ ಏಳುವುದು. ಇದಕ್ಕೆ ‘ಆಕ್ರಮಣ’ ಅಂದರೆ ಕುದುರೆ, ಖಡ್ಗ ಎಲ್ಲ ಬೇಕಾಗುತ್ತದೆ. ‘ಕಬಳಿಸಿದರು’ ಪತ್ರಿಕೆಯ ತಲೆಬರಹಕ್ಕೆ ಸರಿ (ಕಬಳ ಎಂದರೆ ತುತ್ತು), ದೂರಿಗೆ ಬೇಡ. ಎಷ್ಟು ಅಡಿ, ಯಾವ ದಿಕ್ಕು, ಯಾವ ಸರ್ವೆ ನಂಬರು ಎಂಬುದನ್ನು ಬರೆಯಿರಿ. ಅಳೆಯಲು ಬರುವವರಿಗೆ ಬೇಕಾದದ್ದು ಅದು.

ಜಪ್ತಿಯಲ್ಲಿ ಇನ್ನೊಂದು ಎಡವಟ್ಟು. ಗಡಿಯಾಚೆ ಕರ್ನಾಟಕದಲ್ಲಿ ಪೊಲೀಸರು ಮರಳಿನ ಲಾರಿಯನ್ನೂ ಜಪ್ತಿ ಮಾಡುತ್ತಾರೆ. ಮಲಯಾಳದವರ ಕಿವಿಗೆ ಜಪ್ತಿ ಎಂದೊಡನೆ ಕೇಳಿಸುವುದು ಕಟ್ಟದ ಸಾಲ. ಗಾಡಿ ಠಾಣೆಯಲ್ಲಿದ್ದರೆ ‘ಪೊಲೀಸರ ವಶದಲ್ಲಿದೆ’ ಅನ್ನಿ, ಮರ್ಯಾದೆ ಉಳಿಯುತ್ತದೆ.

ಒಂದು ಕಡೆ ಮಾತ್ರ ಸಾಧು ಪದವೇ ಮುಳುವಾಗುತ್ತದೆ. 1963ರ ಅವಧಿ ಕಾಯ್ದೆಯ (ಲಿಮಿಟೇಶನ್ ಆಕ್ಟ್) ಪ್ರಕಾರ ಖಾಸಗಿ ಜಾಗದ ಮೇಲೆ ಪ್ರತಿಕೂಲ ಸ್ವಾಧೀನದ (ಬೇರೆಯವರ ಜಾಗವನ್ನು ಬಹುಕಾಲ ಅನುಭವಿಸಿ ತನ್ನದೆಂದು ಕೇಳುವ) ಹಕ್ಕಿಗೆ 12 ವರ್ಷ, ಸರ್ಕಾರಿ ಜಾಗವಾದರೆ 30 ವರ್ಷ ಬೇಕು. ಆ ಸ್ವಾಧೀನ ಬಹಿರಂಗವಾಗಿ, ಎಡೆಬಿಡದೆ, ಮಾಲೀಕನ ಹಕ್ಕಿಗೆ ವಿರುದ್ಧವಾಗಿ ಇದ್ದಿರಬೇಕು. ಅಲ್ಲಿ ‘ಧಣಿಗಳ ಅನುಮತಿಯಿಂದ ನಮ್ಮ ಕೈವಶದಲ್ಲಿದೆ’ ಅಂತ ಬರೆದುಕೊಟ್ಟರೆ ನಿಮ್ಮ ವಾದವನ್ನು ನೀವೇ ಹೂತಂತೆ. ಅಂಥ ಕಾಗದ ವಕೀಲರ ಕಣ್ಣಿಗೆ ಬೀಳದೆ ಹೊರಗೆ ಹೋಗಬಾರದು.

ಕಾಸರಗೋಡಿನವರು ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶ ಉಂಟು. ಬಿಡಬೇಡಿ. ಸಾಲು ಮಾತ್ರ ಹೀಗಿರಲಿ: ‘ಸದ್ರಿ ಜಾಗವು ನನ್ನ ಹೆಸರಿನಲ್ಲಿದ್ದು, ನನ್ನ ಕೈವಶದಲ್ಲಿದೆ, ತೀರ್ವೆ (ಭೂಕಂದಾಯ) ರಶೀದಿ ಲಗತ್ತಿಸಿದ್ದೇನೆ.’