ಬಸ್ ನಿಲ್ಲಿಸುವವರ ಪರವಾಗಿ ನಾಲ್ಕು ಮಾತು

ಮೊನ್ನೆ ಭಾನುವಾರ ದುರ್ಗದ ಹಳೇ ಮಾಧ್ಯಮಿಕ ಶಾಲಾ ಮೈದಾನದಲ್ಲಿ ನಾವು 1-0 ಗೆದ್ದೆವು. ಆಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದಾಗ ನಮ್ಮದೇ ಟೀಮಿನ ಫಾರ್ವರ್ಡ್ ಹುಡುಗ, "ಅಣ್ಣ, ಇದೊಂದು ಫುಟ್‌ಬಾಲಾ? ಸೆಕೆಂಡ್ ಹಾಫ್ ಪೂರ್ತಿ ಗೋಲ್ ಮುಂದೆ ನಿಂತ್ಕೊಂಡು ಬರೀ ಒದ್ದು ಹೊರಗೆ ಹಾಕಿದ್ವಿ" ಅಂದ. ನಾನು ಸೆಂಟರ್ ಬ್ಯಾಕ್, ಅಂದರೆ ನಮ್ಮ ಗೋಲ್ ಮುಂದೆ ನಡುವೆ ನಿಂತು ತಡೆಯುವವನು. ಒದ್ದು ಹೊರಗೆ ಹಾಕಿದ್ದರಲ್ಲಿ ಅರ್ಧಕ್ಕರ್ಧ ನನ್ನದೇ. ಆಗ ಬಾಯಲ್ಲಿ ಮಿರ್ಚಿ ಇತ್ತು, ಉತ್ತರ ಕೊಡಲು ಆಗಲಿಲ್ಲ. ಈಗ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರಾದರೆ ಮುಂದೆ ಹೋಗಿ.

ಟೀಮಿಗೆ ಟೀಮೇ ಗೋಲ್ ಮುಂದೆ ಅಡ್ಡ ನಿಂತು ಡಿಫೆನ್ಸ್ ಆಡಿದರೆ "ಬಸ್ ತಂದು ನಿಲ್ಲಿಸಿದ್ದಾರೆ" ಅಂತ ಬೈಯುತ್ತಾರಲ್ಲ, ಆ ಮಾತನ್ನು ಇಂಗ್ಲೆಂಡಿನಲ್ಲಿ ಹಬ್ಬಿಸಿದ್ದು ಯಾರು ಗೊತ್ತಾ? ಕೋಚ್ ಮೊರಿನ್ಯೊ! 2004ರಲ್ಲಿ ಅವರ ಚೆಲ್ಸಿ ಟೀಮಿಗೆ ಟಾಟನ್‌ಹ್ಯಾಮ್ ಟೀಮು ಒಂದು ಗೋಲೂ ಹೊಡೆಯಲು ಬಿಡಲಿಲ್ಲ, ಮ್ಯಾಚ್ ಡ್ರಾ ಆಯಿತು. ಇವರು ಗೋಲ್ ಮುಂದೆ ಬಸ್ ನಿಲ್ಲಿಸಿ ಹೋದರು ಅಂತ ಆಗ ಗೊಣಗಿದ್ದು ಇದೇ ಮನುಷ್ಯ.

ಆರು ವರ್ಷ ಬಿಟ್ಟು ನೋಡಿ. 2010ರ ಏಪ್ರಿಲ್, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಎರಡು ಪಂದ್ಯ, ಎರಡರ ಗೋಲೂ ಕೂಡಿ ಲೆಕ್ಕ. ಈಗ ಮೊರಿನ್ಯೊ ಇಂಟರ್ ಮಿಲಾನ್ ಕೋಚ್. ಮೊದಲ ಪಂದ್ಯ ಅವರ ಊರಲ್ಲಿ 3-1 ಗೆದ್ದಿದ್ದಾರೆ. ಎರಡನೆಯದು ಬಾರ್ಸಿಲೋನಾದಲ್ಲಿ, ಎದುರಿಗೆ ಮೆಸ್ಸಿ, ಶಾವಿ ಎಲ್ಲಾ. 28ನೇ ನಿಮಿಷಕ್ಕೆ ಇಂಟರ್‌ನ ತಿಯಾಗೊ ಮೊಟ್ಟಾಗೆ ರೆಡ್ ಕಾರ್ಡ್. ಇನ್ನು ಒಂದು ಗಂಟೆಗೂ ಜಾಸ್ತಿ ಹತ್ತೇ ಜನ ಆಡಬೇಕು. ಇಂಟರ್‌ನ ಎಟೊ ಅಂದರೆ ಸ್ಟ್ರೈಕರ್, ಮುಂದೆ ನಿಂತು ಗೋಲು ಹೊಡೆಯುವವನು, ಹಿಂದಿನ ವರ್ಷ ಅದೇ ಬಾರ್ಸಿಲೋನಾ ಪರ ಫೈನಲ್‌ನಲ್ಲಿ ಗೋಲು ಹೊಡೆದು ಕಪ್ ಗೆಲ್ಲಿಸಿದವನು. ಆವತ್ತು ಅವನು ಫುಲ್ ಬ್ಯಾಕ್, ಅಂದರೆ ಅಂಚಿನ ಡಿಫೆಂಡರ್ ಥರ ಹಿಂದೆ ನಿಂತು ಓಡಿದ, ತಡೆದ, ಮತ್ತೆ ಓಡಿದ. 84ನೇ ನಿಮಿಷದವರೆಗೆ ಬಾರ್ಸಾಗೆ ಗೋಲಿಲ್ಲ. ಕೊನೆಗೆ ಹೊಡೆದದ್ದು ಯಾರು? ಪಿಕೆ. ಅವನೂ ಸೆಂಟರ್ ಬ್ಯಾಕೇ, ನಮ್ಮ ಜಾತಿಯವನು! ಅಲ್ಲಿಗೆ 1-0, ಒಟ್ಟು ಲೆಕ್ಕದಲ್ಲಿ ಇಂಟರ್ 3-2ಕ್ಕೆ ಫೈನಲ್. ಇಂಟರ್‌ನವರು ಕುಣಿಯುತ್ತಿದ್ದರೆ ಮೈದಾನಕ್ಕೆ ನೀರು ಬಿಡುವ ಸ್ಪ್ರಿಂಕ್ಲರ್ ಆನ್ ಮಾಡಿದರಂತೆ. ಹೊಟ್ಟೆಕಿಚ್ಚು ಅಂದರೆ ಅದು.

ಆ ಮ್ಯಾಚ್ ಬೋರು ಅಂತ ಹೇಳುವವರು ಚೆಂಡನ್ನು ಮಾತ್ರ ನೋಡಿರುತ್ತಾರೆ. ತಪ್ಪು ಅವರದ್ದೂ ಅಲ್ಲ, ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತೆ. ಡಿಫೆಂಡರ್ ಕೆಲಸ ಚೆಂಡು ಇಲ್ಲದ ಕಡೆ ನಡೆಯುತ್ತಿರುತ್ತೆ. ಎದುರಿನವನು ಪಾಸ್ ಕೊಡುವ ಮೊದಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅವನು ಆ ಪಾಸೇ ಕೊಡಲ್ಲ. ಕೊಡದ ಪಾಸಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ ಹೇಳಿ?

ನಮ್ಮ ಕೋಟೆ ಹತ್ತಿದವರಿಗೆ ಇದು ಬೇಗ ಅರ್ಥ ಆಗಬೇಕು. (ಓಬವ್ವನ ಕಥೆ ಎತ್ತಲ್ಲ, ಅದನ್ನು ನಮ್ಮೂರಲ್ಲಿ ಎಲ್ಲದಕ್ಕೂ ಎತ್ತುತ್ತಾರೆ.) ದಾರಿ ನೋಡಿ, ಬಾಗಿಲಿಗೆ ನೇರವಾಗಿ ಹೋಗಲ್ಲ, ಸೊಟ್ಟ ಸೊಟ್ಟ ತಿರುಗುತ್ತೆ. ಆನೆ ಬಂದು ಬಾಗಿಲು ಗುದ್ದಬೇಕಾದರೆ ಓಡಿ ಬರೋಕೆ ಜಾಗ ಬೇಕು, ಆ ಜಾಗವನ್ನೇ ಇಟ್ಟಿಲ್ಲ. ಹತ್ತು ಜನ ಗೋಲ್ ಮುಂದಿನ ಬಾಕ್ಸ್ ಸುತ್ತ ಒತ್ತೊತ್ತಾಗಿ ನಿಂತಾಗ ಆಗುವುದೂ ಇಷ್ಟೇ, ಜೋರಾಗಿ ಓಡುವ ಸ್ಟ್ರೈಕರ್‌ಗೆ ಓಡುವ ಜಾಗ ಸಿಗಲ್ಲ. ಆನೆ ಇದೆ, ಬಾಗಿಲ ಮುಂದೆ ಸುಮ್ನೆ ನಿಂತಿದೆ.

ಇನ್ನು "ಅಟ್ಯಾಕ್ ಅಂದ್ರೆ ಸ್ಪೇನ್" ಅನ್ನುವವರಿಗೆ. 2010ರ ವಿಶ್ವಕಪ್‌ನಲ್ಲಿ ಸ್ಪೇನ್ 7 ಪಂದ್ಯದಲ್ಲಿ ಹೊಡೆದದ್ದು ಎಂಟೇ ಗೋಲು, ಬಿಟ್ಟುಕೊಟ್ಟಿದ್ದು ಎರಡು. ನಾಕೌಟ್‌ನ ನಾಲ್ಕೂ ಮ್ಯಾಚ್ 1-0. ಚೆಂಡು ನಮ್ಮ ಕಾಲಲ್ಲೇ ಇದ್ದರೆ ನೀವು ಗೋಲು ಹೇಗೆ ಹೊಡೆಯುತ್ತೀರಿ ಅನ್ನುವ ಆಟ ಅದು. ನನ್ನ ಪ್ರಕಾರ ಇದಕ್ಕಿಂತ ಗಟ್ಟಿ ಡಿಫೆನ್ಸ್ ಇನ್ನೊಂದಿಲ್ಲ, ನೋಡೋಕೆ ಮಾತ್ರ ಚೆಂದ. 2022ರಲ್ಲಿ ಅದೇ ಸ್ಪೇನ್ ಮೊರಾಕೊ ಎದುರು ಸಾವಿರಕ್ಕೂ ಜಾಸ್ತಿ ಪಾಸ್ ಆಡಿ 120 ನಿಮಿಷದಲ್ಲಿ ಒಂದು ಗೋಲು ಹೊಡೆಯಲಿಲ್ಲ. ಪೆನಾಲ್ಟಿಯಲ್ಲೂ ಸೊನ್ನೆ. ಮೊರಾಕೊ ಸೆಮಿಫೈನಲ್‌ವರೆಗೆ ಹೋಯಿತು, ಅಲ್ಲಿಯವರೆಗೆ ಅವರ ಬಲೆಗೆ ಬಿದ್ದದ್ದು ಒಂದೇ ಗೋಲು, ಅದೂ ಸ್ವಂತದವನೇ ಹೊಡೆದದ್ದು.

ಅಂದ ಮಾತ್ರಕ್ಕೆ ಎಲ್ಲಾ ಡಿಫೆನ್ಸೂ ಸರಿ ಅಂತಲ್ಲ. ಸುಮ್ಸುಮ್ನೆ ಬಿದ್ದು ಹೊರಳಾಡುವುದು, ಥ್ರೋ ಹಾಕೋಕೆ ಎರಡು ನಿಮಿಷ ಎಳೆಯುವುದು ನನಗೂ ಆಗಲ್ಲ. ಅದು ಆಟವನ್ನೇ ನಿಲ್ಲಿಸುವುದು. ಮೊದಲು ನಮ್ಮವನೇ ಹಿಂದಕ್ಕೆ ಪಾಸ್ ಕೊಡುತ್ತಿದ್ದ, ಕೀಪರ್ ಕೈಯಲ್ಲಿ ಹಿಡಿಯುತ್ತಿದ್ದ, ಮತ್ತೆ ಕೊಡುತ್ತಿದ್ದ. ಅದನ್ನು 1992ರಲ್ಲಿ ನಿಯಮ ಮಾಡಿ ತಪ್ಪಿಸಿದರು, ಒಳ್ಳೆಯದೇ ಆಯಿತು. ಮತ್ತೆ 1982ರ ವಿಶ್ವಕಪ್‌ನ ಬ್ರೆಜಿಲ್ ಹಳೇ ವಿಡಿಯೋ ನೋಡಿದರೆ ನನಗೂ ಹೊಟ್ಟೆ ಉರಿಯುತ್ತೆ. ಎಂಥಾ ಟೀಮು! ಸೆಮಿಫೈನಲ್‌ಗೆ ಹೋಗೋಕೆ ಇಟಲಿ ಎದುರು ಡ್ರಾ ಆಗಿದ್ದರೂ ಸಾಕಿತ್ತು, 2-2 ಆಗಿತ್ತು ಕೂಡ, ಆದರೂ ಮುಂದೆ ಮುಂದೆ ನುಗ್ಗಿದರು, ಇಟಲಿಯ ಪೌಲೊ ರೊಸ್ಸಿ ಮೂರನೆಯದನ್ನೂ ಹೊಡೆದ. ಆಮೇಲೆ ಮನೆಗೆ. ಆವತ್ತು ಇಪ್ಪತ್ತು ನಿಮಿಷ ಬಸ್ ನಿಲ್ಲಿಸಿದ್ದರೆ ಏನು ಗಂಟು ಹೋಗುತ್ತಿತ್ತು?

ಹಾಂ, ನಮ್ಮ ಫಾರ್ವರ್ಡ್ ಹುಡುಗನಿಗೆ ಒಂದು ಮಾತು ನೆನಪು ಮಾಡುವುದಿದೆ. ಭಾನುವಾರ ಕೊನೇ ನಿಮಿಷದ ಕಾರ್ನರ್‌ನಲ್ಲಿ ನಮ್ಮ ಕೀಪರ್ ಮುಂದೆ ಬಂದು ಚೆಂಡು ತಪ್ಪಿಸಿಕೊಂಡಾಗ, ಗೋಲ್ ಲೈನ್ ಮೇಲೆ ನಿಂತು ತಲೆ ಕೊಟ್ಟು ಹೊರಗೆ ಹಾಕಿದ್ದು ನೀನೇ ಮಾರಾಯ. ಆಗ ನೀನು ಕೂಗಿದ್ದು, ಫಸ್ಟ್ ಹಾಫ್‌ನಲ್ಲಿ ಗೋಲು ಹೊಡೆದಾಗ ಕೂಗಿದ್ದಕ್ಕಿಂತ ಜೋರಾಗಿತ್ತು.