ಬೇಕು ಅನ್ನುವುದೆಲ್ಲ ಬೇಡಿಕೆ ಅಲ್ಲ

ನಿನ್ನೆ ರಾತ್ರಿ ಟಿವಿಯಲ್ಲಿ ಒಂದು ಚರ್ಚೆ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಮುಕ್ತ ಮಾರುಕಟ್ಟೆಯಲ್ಲಿ ಪೂರೈಕೆ ದೊಡ್ಡದೋ ಬೇಡಿಕೆ ದೊಡ್ಡದೋ ಅಂತ ಒಂದು ಗಂಟೆ ವಾದ ಮಾಡಿದರು. ಕೊಳ್ಳುವವರ ಕೈಯಲ್ಲಿ ದುಡ್ಡಿದೆಯಾ ಅಂತ ಒಬ್ಬರೂ ಕೇಳಲಿಲ್ಲ. "ಜನರಿಗೆ ಏನು ಬೇಕೋ ಅದನ್ನು ಮಾರುಕಟ್ಟೆ ಕೊಡುತ್ತದೆ" ಅಂತ ಒಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದರು.

ಬೇಡಿಕೆ ಅನ್ನುವ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬೇಡಿದರೆ ಸಾಕು ಅನ್ನಿಸುತ್ತದೆ. ಆದರೆ ಬೇಡುವವರನ್ನು ಮಾರುಕಟ್ಟೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೊಳ್ಳುವವರನ್ನು ಮಾತ್ರ ಹಿಡಿಯುತ್ತದೆ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಇದನ್ನು ಬಿಡಿಸಿ ಹೇಳಿದ್ದ. ಕಡುಬಡವನಿಗೂ ಆರು ಕುದುರೆಯ ಸಾರೋಟಿನ ಆಸೆ ಇರಬಹುದು. ಆದರೆ ಆ ಆಸೆ ತೀರಿಸಲು ಯಾರೂ ಸಾರೋಟನ್ನು ಮಾರಾಟಕ್ಕೆ ತರುವುದಿಲ್ಲ.

ಒಂದು ವರ್ಷ ನಾನು ಕೆಲಸ ಕಳೆದುಕೊಂಡು ಕೂತಿದ್ದೆ. ಯಾರಿಗೂ ಹೇಳದ ಒಂದು ವಿಷಯ ಇದೆ. ಆಗ ನನ್ನ ಕನ್ನಡಕದ ನಂಬರ್ ಬದಲಾಗಿತ್ತು. ಹೊಸದು ಬೇಕೇ ಬೇಕಿತ್ತು. ಅಂಗಡಿಯಲ್ಲಿ ಸಾಲುಸಾಲು ಕನ್ನಡಕ ಇದ್ದವು, ಪೂರೈಕೆಗೆ ಏನೂ ಕೊರತೆ ಇರಲಿಲ್ಲ. ಆದರೂ ಏಳು ತಿಂಗಳು ಹಳೆಯದರಲ್ಲೇ ಕಣ್ಣು ಕಿರಿದು ಮಾಡಿ ಓದಿದೆ. ಆ ಏಳು ತಿಂಗಳು ನಾನು ಯಾರ ಲೆಕ್ಕದಲ್ಲೂ ಬೇಡಿಕೆ ಆಗಿರಲಿಲ್ಲ.

ಇದೇ ಒಂದಿಡೀ ದೇಶಕ್ಕೆ ಆದರೆ? 1929ರ ನಂತರ, ಮಹಾ ಆರ್ಥಿಕ ಕುಸಿತದಲ್ಲಿ, ಅಮೆರಿಕಕ್ಕೆ ಹಾಗೇ ಆಯಿತು. ಕಾರ್ಖಾನೆಗಳು ಎಲ್ಲೂ ಹೋಗಿರಲಿಲ್ಲ, ಕೆಲಸ ಬಲ್ಲವರೂ ಇದ್ದರು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕೆಲಸವಿರಲಿಲ್ಲ. ಸಂಬಳ ನಿಂತಿತು, ಕೊಳ್ಳುವುದು ನಿಂತಿತು, ಮಾರಾಟವಿಲ್ಲದೆ ಇನ್ನಷ್ಟು ಬಾಗಿಲು ಮುಚ್ಚಿದವು. ದೇಶದಲ್ಲಿ ಅಗತ್ಯ ಕಡಿಮೆಯಾಗಿತ್ತಾ? ಜಾಸ್ತಿಯೇ ಆಗಿತ್ತು.

ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಸೇ 1803ರಲ್ಲಿ ಬರೆದದ್ದನ್ನು ಕೆಲವರು ಮುಂದಿಡುತ್ತಾರೆ. ಒಬ್ಬರು ಸರಕು ತಯಾರಿಸಿ ಗಳಿಸಿದ ದುಡ್ಡೇ ಇನ್ನೊಬ್ಬರ ಸರಕನ್ನು ಕೊಳ್ಳುತ್ತದೆ, ಆದ್ದರಿಂದ ಪೂರೈಕೆ ಇದ್ದರೆ ಬೇಡಿಕೆ ತಾನಾಗಿ ಬರುತ್ತದೆ ಅಂತ. ಕೇಳಲು ಚೆನ್ನಾಗಿದೆ. ಆದರೆ ನಾಳೆಯ ಭಯ ಹಿಡಿದವರು ಬಂದ ದುಡ್ಡನ್ನು ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಹಿಡಿದ ಎಳೆ ಇದೇ ಅಲ್ವಾ?

ಪೂರೈಕೆ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. 1973ರಲ್ಲಿ ಅರಬ್ ದೇಶಗಳು ತೈಲ ತಡೆದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಸರಿ. ಆಗಲೂ ತೈಲ ಸಿಕ್ಕಿದ್ದು ಯಾರಿಗೆ? ಆ ಬೆಲೆ ಕೊಡಬಲ್ಲವರಿಗೆ.

ಬೆಲೆ ಕಟ್ಟುವುದು ಪೂರೈಕೆಯೋ ಬೇಡಿಕೆಯೋ ಅನ್ನುವವರಿಗೆ, ಕಾಗದ ಕತ್ತರಿಸುವುದು ಕತ್ತರಿಯ ಮೇಲಿನ ಅಲಗೋ ಕೆಳಗಿನದೋ ಅಂತ ಅರ್ಥಶಾಸ್ತ್ರಜ್ಞ ಮಾರ್ಷಲ್ 1890ರಲ್ಲಿ ಕೇಳಿದ್ದ. ಎರಡೂ ಬೇಕು, ಒಪ್ಪಿದೆ. ಆದರೆ ದುಡ್ಡಿಲ್ಲದವರು ಯಾವ ಅಲಗಿನಲ್ಲೂ ಇಲ್ಲ. ನಿನ್ನೆ ಒಂದು ಗಂಟೆಯಲ್ಲಿ ಅವರ ಹೆಸರೇ ಬರಲಿಲ್ಲ. ನನಗೆ ನೋವಾಗಿದ್ದು ಅಲ್ಲಿ.

ಎಂಟನೇ ತಿಂಗಳು ಹೊಸ ಕೆಲಸದ ಸಂಬಳ ಬಂತು. ಅವತ್ತು ಸಂಜೆಯೇ ಅದೇ ಅಂಗಡಿಗೆ ಹೋದೆ. ಕನ್ನಡಕಗಳು ಅಲ್ಲೇ ಸಾಲಾಗಿ ಇದ್ದವು.